ಊರಿನ ಪುಟದಲ್ಲಿ ಕೇರಿ ಇರಲಿಲ್ಲ

ನಮ್ಮೂರಿನ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಒಂದು ಪುಟ ಇದೆ. ಅದರಲ್ಲಿ ಗುಡಿ ಇದೆ, ಗುಡಿಯ ತೇರು ಇದೆ, ತೇರಿನ ದಿನ ಮೊದಲ ಪೂಜೆ ಯಾವ ಮನೆತನದ್ದು ಅನ್ನೋದೂ ಇದೆ. ಕೆರೆ ಇದೆ, ಶಾಲೆ ಇದೆ, ಹಾಲಿನ ಡೇರಿ ಇದೆ. ನಮ್ಮ ಕೇರಿ ಮಾತ್ರ ಇರಲಿಲ್ಲ. ಆ ಕೆರೆಯ ಹೂಳು ಹೊತ್ತವರು ಇರಲಿಲ್ಲ. ಆ ತೇರಿನ ಮುಂದೆ ತಮಟೆ ಬಡಿದವರು ಇರಲಿಲ್ಲ. ಊರಿನ ಸತ್ತ ದನ ಎಳೆದವರು ಇರಲಿಲ್ಲ.

ಶಾಲೆಯಲ್ಲಿ 'ನಮ್ಮ ಊರು' ಅಂತ ಬರೆದುಕೊಂಡು ಬರಲು ಹೇಳಿದ್ದರು. ಏಳನೇ ತರಗತಿಯ ನಮ್ಮ ಕೇರಿ ಹುಡುಗಿ ಅಣ್ಣನ ಫೋನಿನಲ್ಲಿ ಆ ಪುಟ ನೋಡಿ, ಒಂದಕ್ಷರ ಬಿಡದೆ ಇಳಿಸಿಕೊಂಡಳು. ಬರೆದು ಮುಗಿಸಿ ನಮ್ಮ ಹತ್ತಿರ ಬಂದು ಕೇಳಿದಳು: "ಮಾವ, ಇದ್ರಲ್ಲಿ ನಮ್ ಬೀದಿ ಎಲ್ಲೈತೆ?"

ನಮ್ಮ ಬಾಯಿ ಕಟ್ಟಿಹೋಯಿತು. ಅಂಬೇಡ್ಕರ್, ಪೆರಿಯಾರ್, ಲೋಹಿಯಾ ಅಂತ ಗಂಟೆಗಟ್ಟಲೆ ಭಾಷಣ ಮಾಡಿದ ಬಾಯಿ ಅದು.

ಅವತ್ತು ರಾತ್ರಿ ಭವನದ ಜಗಲಿ ಮೇಲೆ ನಾವು ಐದು ಜನ ಕೂತೆವು. ಒಬ್ಬರು ಶಾಲೆ ಮೇಷ್ಟ್ರು, ಒಬ್ಬರು ಆಶಾ ಕಾರ್ಯಕರ್ತೆ, ಒಬ್ಬರು ಆಟೋ ಓಡಿಸುವವರು, ಇಬ್ಬರು ಡಿಗ್ರಿ ಓದುವ ಹುಡುಗರು. ಹುಡುಗರೇ ನಮಗೆ ಬಿಡಿಸಿ ಹೇಳಿದ್ದು. ಈ ವಿಕಿಪೀಡಿಯ ಅನ್ನೋದು ಯಾವುದೋ ಪಂಡಿತರ ಮಂಡಳಿ ಕೂತು ಬರೆದದ್ದಲ್ಲ. ಇಂಗ್ಲಿಷಿನಲ್ಲಿ 2001ರಲ್ಲಿ ಶುರುವಾಯಿತು, ಕನ್ನಡದಲ್ಲಿ 2003ರಲ್ಲಿ. ಕನ್ನಡದಲ್ಲೇ ಮೂವತ್ತು ಸಾವಿರ ದಾಟಿ ಪುಟಗಳಿವೆ. ಬರೆಯುವವರಿಗೆ ಸಂಬಳ ಇಲ್ಲ, ಬರೆಯಲು ಅಪ್ಪಣೆ ಬೇಕಿಲ್ಲ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು.

"ಯಾರು ಬೇಕಾದರೂ ಅಂದ್ರೆ ನಾವೂನಾ?" ಅಂದರು ಆಶಾ ಕಾರ್ಯಕರ್ತೆ.

"ನಾವೂ ಕನಕ್ಕ."

ಖಾತೆ ತೆರೆಯುವ ಹೊತ್ತಿಗೆ ಮೊದಲ ತಕರಾರು ಎದ್ದಿತು. ಸಂಘದ ಹೆಸರಲ್ಲೇ ಒಂದು ಖಾತೆ ಮಾಡಿ ಎಲ್ಲರೂ ಬಳಸೋಣ ಅಂದುಕೊಂಡೆವು. ನಾವು ಸಂಘದವರು, ಕರಪತ್ರವನ್ನೂ ಸಂಘದ ಹೆಸರಲ್ಲೇ ಹಾಕಿದವರು. ಆದರೆ ಅಲ್ಲಿಯ ರೂಢಿ ಬೇರೆ. ಒಂದು ಖಾತೆ ಒಬ್ಬರದು. ಯಾರು ಯಾವ ಮಾತು ಬರೆದರೋ ಅದರ ಹೊಣೆ ಅವರದೇ. ಆದರೆ ನಿಜವಾದ ಹೆಸರೇ ಇಡಬೇಕು ಅಂತಿಲ್ಲ. ಅಪ್ಪನ ಹೆಸರು, ಮನೆತನ, ಜಾತಿ ಯಾವುದನ್ನೂ ಅಲ್ಲಿ ಕೇಳುವುದಿಲ್ಲ. ನಮ್ಮ ಬದುಕಿನಲ್ಲಿ ನಾವು ತುಂಬಿದ ಅರ್ಜಿಗಳಲ್ಲಿ ಜಾತಿಯ ಕಾಲಂ ಇಲ್ಲದ ಅರ್ಜಿ ಅದೇ ಮೊದಲು ಕಂಡದ್ದು. ಐದು ಜನ ಐದು ಖಾತೆ ತೆರೆದೆವು.

ತೆರೆದವರೇ ಆವೇಶದಲ್ಲಿ ಬರೆದೆವು. ಶತಮಾನಗಳ ಶೋಷಣೆ, ಗೌಡರ ದಬ್ಬಾಳಿಕೆ, ಕುಡಿಯುವ ನೀರಿಗೆ ನಮ್ಮವರು ಪಟ್ಟ ಪಾಡು ಎಲ್ಲವನ್ನೂ ಒಂದೇ ಉಸಿರಿಗೆ ಹಾಕಿದೆವು. ಮಾರನೇ ದಿನ ಸಂಜೆ ನೋಡಿದರೆ ನಾವು ಬರೆದದ್ದು ಪೂರಾ ಮಾಯ. ಪುಟ ಮೊದಲಿನಂತೆ ಗುಡಿ ತೇರುಗಳ ಜೊತೆ ನಿಂತಿತ್ತು.

ಆಗ ಹುಡುಗ ಪುಟದ ಮೇಲಿದ್ದ 'ಇತಿಹಾಸ' ಅನ್ನುವ ಕಡೆ ಒತ್ತಿದ. ನಾವು ಆವರೆಗೆ ಅದನ್ನು ನೋಡಿರಲಿಲ್ಲ. ಅಲ್ಲಿ ಆ ಪುಟ ಹುಟ್ಟಿದ ದಿನದಿಂದ ಇವತ್ತಿನವರೆಗೆ ಯಾರು, ಯಾವ ದಿನ, ಯಾವ ಗಳಿಗೆಯಲ್ಲಿ ಏನು ಸೇರಿಸಿದರು, ಏನು ಕಿತ್ತರು ಅನ್ನೋದು ಸಾಲುಸಾಲಾಗಿ ಇತ್ತು. ಸೇರಿಸಿದ್ದಕ್ಕೆ ಕೂಡುವ ಗುರುತು, ಕಿತ್ತದ್ದಕ್ಕೆ ಕಳೆಯುವ ಗುರುತು. ನಮ್ಮ ಮಾತು ಕಿತ್ತ ಸಾಲಿನಲ್ಲಿ ಕೆಂಪು ಅಂಕಿ. ಪಕ್ಕದಲ್ಲಿ ಕಿತ್ತವರು ಕಾರಣವನ್ನೂ ಬರೆದಿದ್ದರು: ಆಧಾರ ಇಲ್ಲ, ಊರಿನ ಪುಟದಲ್ಲಿ ಜಾತಿ ವಿಷಯ ಬೇಡ.

ಹುಡುಗರ ರಕ್ತ ಕುದಿಯಿತು. "ವಾಪಸ್ ಹಾಕ್ತೀನಿ ಕಣಣ್ಣ, ಎಷ್ಟ್ ಸಲ ಕೀಳ್ತಾನೋ ನೋಡೇಬುಡಣ." ಹಾಕಿದರು. ಅವರು ಕಿತ್ತರು. ಮತ್ತೆ ಹಾಕಿದರು, ಮತ್ತೆ ಕಿತ್ತರು. ಹೀಗೆ ಜಗ್ಗಾಡಿದರೆ ಎರಡೂ ಕಡೆಯವರ ಖಾತೆಗೆ ತಡೆ ಬೀಳಬಹುದು ಅಂತ ಆಮೇಲೆ ಗೊತ್ತಾಯಿತು. ಕೈ ಬಿಟ್ಟು ಯೋಚನೆಗೆ ಕೂತೆವು.

ಆ ರಾತ್ರಿ ನಮಗೆ ನೆನಪಾದದ್ದು ಮಹಾಡಿನ ಕೆರೆ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ಮುಂಬಯಿಯ ಶಾಸನಸಭೆ ನಿರ್ಣಯ ಮಾಡಿದ್ದು 1923ರಲ್ಲಿ. ಮಹಾಡಿನ ಪುರಸಭೆಯೂ ಅದನ್ನು ಒಪ್ಪಿ ತನ್ನ ಚವದಾರ್ ಕೆರೆ ಎಲ್ಲರದು ಅಂದಿತ್ತು. ಕಾಗದದ ಮೇಲೆ ಕೆರೆ ತೆರೆದಿತ್ತು. ಒಬ್ಬ ಅಸ್ಪೃಶ್ಯನೂ ಒಂದು ಬೊಗಸೆ ನೀರು ಕುಡಿಯಲು ಆಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ನೀರು ಮುಟ್ಟಿದ ಮೇಲೇ ಆ ನಿರ್ಣಯಕ್ಕೆ ಜೀವ ಬಂದದ್ದು. ಆಮೇಲೆ ಮೇಲ್ಜಾತಿಯವರು ಏನು ಮಾಡಿದರು? ನಮ್ಮವರನ್ನು ಬಡಿದರು. ಕೆರೆಗೆ ಗಂಜಲ, ಸಗಣಿ ಸುರಿದು ಮಂತ್ರ ಹೇಳಿಸಿ ಶುದ್ಧಿ ಮಾಡಿಸಿದರು.

'ಯಾರು ಬೇಕಾದರೂ ಬರೆಯಬಹುದು' ಅನ್ನೋದೂ ಅಂಥ ಒಂದು ನಿರ್ಣಯವೇ. ಒಳ್ಳೆಯ ನಿರ್ಣಯ. ಆದರೆ ನಾವು ನಡೆದುಹೋಗಿ ಮುಟ್ಟುವ ತನಕ ಅದು ನಮ್ಮದಲ್ಲ. ಮುಟ್ಟಿದ ಮೇಲೆ ಶುದ್ಧಿ ಮಾಡುವವರು ಬಂದೇ ಬರುತ್ತಾರೆ. ಒಂದು ವ್ಯತ್ಯಾಸ ಇದೆ, ಗೆಳೆಯರೇ, ಅದನ್ನು ಸರಿಯಾಗಿ ಗಮನಿಸಿ. ನಮ್ಮ ಊರುಗಳಲ್ಲಿ ನಮ್ಮನ್ನು ಅಳಿಸಿದವರ ಹೆಸರು ಯಾವ ದಫ್ತರದಲ್ಲೂ ಇಲ್ಲ. ನಮ್ಮ ತಾತನ ಹೊಲ ಯಾವ ದಿನ ಯಾರ ಹೆಸರಿಗೆ ಹೋಯಿತು ಅಂತ ಕೇಳಿದರೆ ಶ್ಯಾನುಭೋಗರ ಲೆಕ್ಕದಲ್ಲಿ ಸಿಗುವುದಿಲ್ಲ. ಇಲ್ಲಿ ಅಳಿಸಿದ ಜಾಗದಲ್ಲಿ ಅಳಿಸಿದ ಗುರುತು ಉಳಿಯುತ್ತದೆ. ಅಳಿಸಿದ ಮಾತೂ ಉಳಿಯುತ್ತದೆ. ಹಳೆಯ ಪುಟ, ಹೊಸ ಪುಟ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು.

ಮೇಷ್ಟ್ರು ಇನ್ನೊಂದು ಮಾತು ಹೇಳಿದರು. "ಕಿತ್ತೋರು ಎರಡು ಕಾರಣ ಬರೆದವ್ರೆ. ಜಾತಿ ವಿಷಯ ಬೇಡ ಅನ್ನೋದು ಅವ್ರ ಹೊಟ್ಟೆನೋವು. ಆಧಾರ ಇಲ್ಲ ಅನ್ನೋದು ನಮ್ಮ ತಪ್ಪು." ಇದನ್ನು ಒಪ್ಪಿಕೊಳ್ಳಲು ನಮಗೆ ಎರಡು ದಿನ ಹಿಡಿಯಿತು. ಅದು ಭಾಷಣದ ವೇದಿಕೆ ಅಲ್ಲ. ಅಲ್ಲಿ ಘೋಷಣೆ ನಡೆಯುವುದಿಲ್ಲ. ಹೇಳಿದ ಮಾತು ಈ ಮೊದಲೇ ಎಲ್ಲಿ ಅಚ್ಚಾಗಿದೆ ಅಂತ ತೋರಿಸಬೇಕು.

ನಾವು ಆಧಾರ ಹುಡುಕಿದೆವು. ಸಿಕ್ಕಿತು, ಅದೂ ಸರ್ಕಾರದ ಪುಸ್ತಕದಲ್ಲೇ. 2011ರ ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಪ್ರತಿಯೊಂದು ಹಳ್ಳಿಯ ಲೆಕ್ಕ ಇದೆ. ಒಟ್ಟು ಜನ ಎಷ್ಟು, ಅದರಲ್ಲಿ ಪರಿಶಿಷ್ಟ ಜಾತಿ ಎಷ್ಟು, ಪರಿಶಿಷ್ಟ ಪಂಗಡ ಎಷ್ಟು, ಓದು ಬಲ್ಲವರು ಎಷ್ಟು ಅಂತ ಹಳ್ಳಿಹಳ್ಳಿಗೂ ಇದೆ. ನಮ್ಮೂರೂ ಇತ್ತು.

ಈ ಸಲ ಪುಟಕ್ಕೆ ನೇರವಾಗಿ ನುಗ್ಗಲಿಲ್ಲ. ಪ್ರತಿ ಪುಟದ ಬೆನ್ನಿಗೂ ಒಂದು 'ಚರ್ಚೆ' ಪುಟ ಇರುತ್ತದೆ, ಊರ ಪಂಚಾಯ್ತಿ ಕಟ್ಟೆ ಇದ್ದ ಹಾಗೆ. ಊರ ಕಟ್ಟೆಯಲ್ಲಿ ನಾವು ಕೆಳಗೆ ನಿಂತು ಮಾತಾಡಿದವರು, ಇಲ್ಲಿ ಎಲ್ಲರಿಗೂ ಒಂದೇ ಎತ್ತರ. ಅಲ್ಲಿ ಬರೆದೆವು: ಇಂಥ ಕೈಪಿಡಿಯಲ್ಲಿ ಇಂಥ ಲೆಕ್ಕ ಇದೆ, ಇದನ್ನು ಸೇರಿಸುತ್ತಿದ್ದೇವೆ, ತಕರಾರು ಇದ್ದರೆ ಇಲ್ಲೇ ಹೇಳಿ. ಕೆಳಗೆ ಒಬ್ಬೊಬ್ಬರೂ ತಮ್ಮ ತಮ್ಮ ಖಾತೆಯ ರುಜು ಹಾಕಿದೆವು. ನಾಲ್ಕು ಅಲೆಗೆರೆ ಒತ್ತಿದರೆ ಹೆಸರು, ದಿನ, ಗಂಟೆ ತಾನಾಗಿ ಬೀಳುತ್ತದೆ. ಹೆಬ್ಬೆಟ್ಟು ಒತ್ತಿದವರ ಮೊಮ್ಮಕ್ಕಳು ನಾವು. ಆ ರುಜು ಬಿದ್ದಾಗ ಆಶಾ ಕಾರ್ಯಕರ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಾಲ್ಕು ದಿನ ಕಾದೆವು. ಯಾರೂ ಉತ್ತರಿಸಲಿಲ್ಲ. ಐದನೇ ದಿನ ಎರಡು ಸಾಲು ಸೇರಿಸಿದೆವು: ಊರಿನ ಒಟ್ಟು ಜನಸಂಖ್ಯೆ, ಅದರಲ್ಲಿ ಪರಿಶಿಷ್ಟ ಜಾತಿಯವರ ಸಂಖ್ಯೆ, ಪಕ್ಕದಲ್ಲಿ ಕೈಪಿಡಿಯ ಹೆಸರು. ವಿಶೇಷಣ ಇಲ್ಲ, ಸಿಟ್ಟಿಲ್ಲ. ಗುಡಿಯ ಕತೆಗೂ ಪುಟದಲ್ಲಿ ಯಾವ ಆಧಾರವೂ ಇರಲಿಲ್ಲ. ಹುಡುಗರು ಅದನ್ನು ಕಿತ್ತುಬಿಡೋಣ ಅಂದರು. ಬೇಡ ಅಂದೆವು. ಆಧಾರ ಬೇಕು ಅನ್ನುವ ಗುರುತು ಹಾಕಿ ಬಿಟ್ಟೆವು. ನಮ್ಮನ್ನು ಕೇಳಿದ ಪ್ರಶ್ನೆಯನ್ನು ದೇವರಿಗೂ ಕೇಳಿದಂತಾಯಿತು.

ಪುಟದ ಮೇಲಿನ ನಕ್ಷತ್ರ ಒತ್ತಿದರೆ ಆ ಪುಟ ನಮ್ಮ 'ವೀಕ್ಷಣಾಪಟ್ಟಿ'ಗೆ ಸೇರುತ್ತದೆ. ಯಾರಾದರೂ ಕೈ ಹಾಕಿದರೆ ಪಟ್ಟಿಯಲ್ಲಿ ಕಾಣುತ್ತದೆ. ಇದು ಹೊಲ ಕಾಯುವ ಕೆಲಸ. ಪರರ ಹೊಲ ಕಾದು ಅಭ್ಯಾಸ ಇದ್ದ ನಮ್ಮ ಜನ ಈಗ ಸರದಿ ಮೇಲೆ ತಮ್ಮ ಎರಡು ಸಾಲು ಕಾಯುತ್ತಿದ್ದೇವೆ. ಇವತ್ತಿನ ತನಕ ಆ ಸಾಲುಗಳನ್ನು ಯಾರೂ ಮುಟ್ಟಿಲ್ಲ.

ಆದರೆ ನೀರಿನ ಕತೆ ಇನ್ನೂ ಹೊರಗೇ ನಿಂತಿದೆ. ಎಂಬತ್ತರ ದಶಕದಲ್ಲಿ ನಮ್ಮ ಹಿರಿಯರು ಊರ ಬಾವಿಗೆ ಹಗ್ಗ ಇಳಿಸಿದರು. ಆಮೇಲೆ ಮೂರು ತಿಂಗಳು ಯಾರೂ ಅವರನ್ನು ಕೂಲಿಗೆ ಕರೆಯಲಿಲ್ಲ. ನಮ್ಮ ಅವ್ವಂದಿರು ಗೆಡ್ಡೆ ಗೆಣಸು ಬೇಯಿಸಿ ಮಕ್ಕಳನ್ನು ಉಳಿಸಿಕೊಂಡರು. ಹಗ್ಗ ಹಿಡಿದಿದ್ದ ಒಬ್ಬ ಅಜ್ಜಿ ಇನ್ನೂ ಬದುಕಿದ್ದಾಳೆ. "ನನ್ ಕೈ ನೋಡ್ಕಳಿ, ಇದೇ ಆದಾರ" ಅನ್ನುತ್ತಾಳೆ. ಅವಳ ಕೈ ಅಲ್ಲಿ ಆಧಾರ ಆಗುವುದಿಲ್ಲ.

ಇದು ನಮಗೊಬ್ಬರಿಗೇ ಎದುರಾದ ತೊಡಕಲ್ಲ. 2011ರಲ್ಲಿ ಅಚಲ್ ಪ್ರಭಲ ಮತ್ತು ಜೊತೆಗಾರರು ಇದೇ ಪ್ರಶ್ನೆ ಹಿಡಿದು ಕೆಲಸ ಮಾಡಿದರು. ಬಾಯಿಮಾತನ್ನು ಧ್ವನಿಮುದ್ರಣ ಮಾಡಿ ವಿಕಿಪೀಡಿಯದಲ್ಲಿ ಆಧಾರವಾಗಿ ಕೊಡಬಹುದೇ ಅಂತ ಹಿಂದಿ, ಮಲಯಾಳಂ ಮತ್ತು ಆಫ್ರಿಕಾದ ಸೆಪೇಡಿ ಭಾಷೆಗಳಲ್ಲಿ ಪ್ರಯತ್ನಿಸಿದರು. ಮಕ್ಕಳ ಆಟ, ಕೇರಳದ ತೆಯ್ಯಂ, ಹೀಗೆ ಅಚ್ಚಾಗದ ತಿಳಿವಳಿಕೆಯನ್ನು ಜನರ ಬಾಯಿಂದಲೇ ತಂದರು. ಪ್ರಶ್ನೆ ಗಟ್ಟಿಯಾಗಿ ಎದ್ದಿತು. ನಿಯಮ ಮಾತ್ರ ಬದಲಾಗಲಿಲ್ಲ. 2015ರ ಏಪ್ರಿಲ್‌ನಲ್ಲಿ ದಲಿತ ಹೆಣ್ಣುಮಕ್ಕಳು ಮುಂದೆ ನಿಂತು ದಲಿತ ಇತಿಹಾಸ ಮಾಸ ಅಂತ ಶುರು ಮಾಡಿದಾಗಲೂ ಒಟ್ಟಿಗೆ ಕೂತು ವಿಕಿಪೀಡಿಯದಲ್ಲಿ ಬರೆಯುವುದು ಅವರ ಕೆಲಸಗಳಲ್ಲಿ ಒಂದಾಗಿತ್ತು.

ಅಕ್ಷರ ಕೊಡದೆ ಇಟ್ಟವರೇ ಅಚ್ಚಾದ ಆಧಾರ ಎಲ್ಲಿ ಅಂತ ಕೇಳುವುದು ಅನ್ಯಾಯ. ಇದನ್ನು ನಾವು ಕೊನೆಯವರೆಗೆ ಹೇಳುತ್ತೇವೆ. ಆದರೆ ನಮ್ಮಲ್ಲಿ ಅಚ್ಚಾದದ್ದು ಏನೂ ಇಲ್ಲ ಅನ್ನುವುದು ಸುಳ್ಳು. ಬಾಬಾಸಾಹೇಬರು 'ಮೂಕನಾಯಕ' ಶುರು ಮಾಡಿದ್ದು 1920ರ ಜನವರಿ 31ರಂದು. ಕನ್ನಡದಲ್ಲಿ 1973ರ ನವೆಂಬರ್‌ನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಬೂಸಾ ಅಂದ ಒಂದು ಮಾತಿಗೆ ಮಂತ್ರಿ ಪದವಿ ಬಿಡಬೇಕಾಯಿತು. ಆ ಗಲಭೆಯಿಂದ ಎದ್ದ ನಮ್ಮ ಜನ ಬರೆದರು, ಕರಪತ್ರ ಹಾಕಿದರು, 'ಪಂಚಮ'ದಂಥ ಪತ್ರಿಕೆ ತಂದರು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದರು. ಹಳ್ಳಿಹಳ್ಳಿಯ ಬಾವಿ, ಹೋಟೆಲು, ಗುಡಿಯ ಜಗಳ ಸಣ್ಣ ಪತ್ರಿಕೆಗಳಲ್ಲಿ ವರದಿಯಾಯಿತು. ದೊಡ್ಡ ಪತ್ರಿಕೆಗಳಿಗೆ ಅದು ಸುದ್ದಿ ಆಗಿರಲಿಲ್ಲ. ಇವತ್ತು ಆ ಸಂಚಿಕೆಗಳು ಎಲ್ಲಿವೆ? ಅಟ್ಟದ ಮೇಲೆ, ಟ್ರಂಕಿನಲ್ಲಿ, ಗೆದ್ದಲ ಬಾಯಲ್ಲಿ.

ನಮ್ಮ ಬಾವಿಯ ಕತೆಯೂ ಅಂಥ ಒಂದು ಪತ್ರಿಕೆಯಲ್ಲಿ ಅಚ್ಚಾಗಿದೆ. ನಿವೃತ್ತ ಮೇಷ್ಟ್ರೊಬ್ಬರ ಟ್ರಂಕಿನಲ್ಲಿ ಅದರ ಮೂರು ಹಾಳೆ ಸಿಕ್ಕವು. ಊರ ಹೆಸರಿದೆ, ಹಗ್ಗ ಇಳಿಸಿದವರ ಹೆಸರಿದೆ. ರಕ್ಷಾಪುಟ ಗೆದ್ದಲು ತಿಂದಿದೆ. ಪತ್ರಿಕೆಯ ಹೆಸರಿಲ್ಲ, ತಿಂಗಳಿಲ್ಲ, ವರ್ಷವಿಲ್ಲ. ಆ ಮೂರು ಹಾಳೆ ಕೈಯಲ್ಲಿ ಹಿಡಿದು ಅಜ್ಜಿಗೆ ಓದಿ ಹೇಳಿದೆವು. ಅಜ್ಜಿ ಕೇಳಿದಳು: "ಹಂಗಾರೆ ಈಗ ಹಾಕ್ತೀರಾ?" ಇನ್ನೂ ಹಾಕಿಲ್ಲ. ಹೆಸರು, ವರ್ಷ ಇಲ್ಲದ ಹಾಳೆಯನ್ನು ಆಧಾರ ಅಂತ ಕೊಟ್ಟರೆ ಮತ್ತೆ ಕೀಳುತ್ತಾರೆ, ಆ ಸಲ ಕಿತ್ತವರದು ನ್ಯಾಯವೇ ಆಗುತ್ತದೆ. ಹಾಳೆಯ ವಿಷಯವನ್ನು ಚರ್ಚೆ ಪುಟದಲ್ಲಿ ಬರೆದು ಇಟ್ಟಿದ್ದೇವೆ. ಪೂರ್ತಿ ಸಂಚಿಕೆ ಸಿಗುವ ತನಕ ಅದು ಅಲ್ಲಿರುತ್ತದೆ.

ಇದನ್ನು ಓದುತ್ತಿರುವ ನೀವು ಮೇಷ್ಟ್ರೋ, ವಿದ್ಯಾರ್ಥಿಯೋ, ಹಳೆಯ ಸಂಘದವರೋ ಆಗಿರುತ್ತೀರಿ. ನಿಮ್ಮ ಮನೆಯ ಅಟ್ಟ ನೋಡಿ. ಹಳೆಯ ಸಂಚಿಕೆ ಸಿಕ್ಕರೆ ಮೊದಲು ರಕ್ಷಾಪುಟದ, ಸಂಚಿಕೆಯ ಸಂಖ್ಯೆ ಇರುವ ಪುಟದ ಫೋಟೋ ತೆಗೆದಿಡಿ. ಪತ್ರಿಕೆ ನಡೆಸಿದವರು, ಬರೆದವರು ಇನ್ನೂ ಇದ್ದರೆ ಅವರ ಕೈಯಲ್ಲಿ ಒಂದು ಒಪ್ಪಿಗೆ ಪತ್ರ ಬರೆಸಿ. ಹಕ್ಕು ಇರುವವರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟರೆ ಪೂರ್ತಿ ಸಂಚಿಕೆಯನ್ನೇ ವಿಕಿಸೋರ್ಸ್‌ನಲ್ಲಿ ಎಲ್ಲರೂ ಓದುವ ಹಾಗೆ ಇಡಬಹುದು. ಇಲ್ಲದಿದ್ದರೆ ಬರೆದವರು ತೀರಿಕೊಂಡು 60 ವರ್ಷ ಆಗುವ ತನಕ ಕಾಯಬೇಕು. ಗೆದ್ದಲು ಅಷ್ಟು ಕಾಲ ಕಾಯುವುದಿಲ್ಲ. ಆಮೇಲೆ ನಿಮ್ಮ ಊರಿನ ಪುಟ ತೆರೆದು ನೋಡಿ, ಕೇರಿ ಇದೆಯೇ ಅಂತ.

ಆ ಹುಡುಗಿ ಈಗ ಎಂಟನೇ ತರಗತಿ. ಮೊನ್ನೆ ಪುಟ ತೆಗೆದು ನಮ್ಮ ಎರಡು ಸಾಲು ಓದಿದಳು. ಓದಿ, "ಬರೀ ಲೆಕ್ಕ ಐತೆ ಮಾವ, ಯಾರ ಹೆಸರೂ ಇಲ್ಲ" ಅಂದಳು.

ಅವಳು ಹೇಳಿದ್ದು ನಿಜ. ಆ ಸಂಚಿಕೆ ಹುಡುಕುತ್ತಿದ್ದೇವೆ.