ಸೊನ್ನೆಯ ಚೀಟಿ

ದೊಡ್ಡ ನಗರದಲ್ಲಿ ಬಡವರ ಮಕ್ಕಳಿಗೆ ಆಡಲು ಬಯಲಿಲ್ಲವೆಂದು ಮರುಗುವವರು ಬಹಳ ಮಂದಿ ಇದ್ದಾರೆ. ಆ ಮಕ್ಕಳ ಮನೆಯಲ್ಲಿ ಹಗಲು ಹೊತ್ತು ನಿದ್ರಿಸಬೇಕಾದವರೊಬ್ಬರು ಇದ್ದರೆ ಏನು ಗತಿ ಎಂದು ಯೋಚಿಸಿದವರು ಮಾತ್ರ ಕಡಿಮೆ.

ಬೆಂಗಳೂರಿನ ಪೀಣ್ಯದ ಓಣಿಯೊಂದರಲ್ಲಿ ಅಂಥದೊಂದು ಮನೆಯಿದೆ. ಮನೆಯೆಂದರೆ ಒಂದೇ ಕೋಣೆ. ಅದರ ಮೂಲೆಯಲ್ಲೇ ಒಲೆ, ಒಲೆಯ ಪಕ್ಕದಲ್ಲೇ ಬಚ್ಚಲು. ಮನೆಯ ಯಜಮಾನ ರಾತ್ರಿ ಪಾಳಿಯ ಕಾವಲುಗಾರ. ಆತನ ಹೆಂಡತಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರು ಹೊಲಿಯುವವಳು. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ನಾಲ್ಕು. ವಾರದ ಆರು ದಿನ ಶಾಲೆ, ಅಂಗನವಾಡಿ, ಕಾರ್ಖಾನೆಗಳು ಇವರನ್ನು ಹಂಚಿಕೊಳ್ಳುವುದರಿಂದ ಆತನ ನಿದ್ರೆಗೆ ಭಂಗವಿಲ್ಲ. ತೊಡಕಿರುವುದು ಭಾನುವಾರದಲ್ಲಿ. ಅಂದು ಎಲ್ಲರಿಗೂ ರಜೆ. ಕಾವಲಿಗೆ ಮಾತ್ರ ಇಲ್ಲ. ನಾಲ್ಕು ವರ್ಷದ ಹುಡುಗನಿಗೆ ಸುಮ್ಮನಿರು ಎನ್ನುವುದೂ ಮಳೆಗೆ ನಿಲ್ಲು ಎನ್ನುವುದೂ ಒಂದೇ. ಎರಡು ಭಾನುವಾರ ಆಕೆ ಮಗನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಗಲು ಕಳೆದಳು. ಮೂರನೆಯ ಭಾನುವಾರ ನಸುಕಿನಲ್ಲೇ ಎದ್ದು, ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿ, ಇಬ್ಬರನ್ನೂ ಕರೆದುಕೊಂಡು ಹೊರಟಳು. ಬಸ್ ನಿಲ್ದಾಣದಲ್ಲಿ ಗಂಡ ಎದುರಾದ. ಬೀಗದ ಕೈ ಆಕೆಯ ಕೈಯಿಂದ ಆತನ ಕೈಗೆ ಹೋಯಿತು. ಆತ ಮಲಗಲು ನಡೆದ. ಇವರು ಊರು ನೋಡಲು ಹೊರಟರು. ಅಂದಿನಿಂದ ಅದೇ ವಾಡಿಕೆಯಾಯಿತು.

ಊರು ನೋಡುವುದಕ್ಕೆ ಕಾಸು ಬೇಕಲ್ಲವೆ? ಪೀಣ್ಯದಿಂದ ಲಾಲ್‌ಬಾಗಿಗೆ ಮೆಟ್ರೊ ರೈಲು ನೇರವಾಗಿ ಹೋಗುತ್ತದೆ. ಅದಕ್ಕೆ ಹಣ ತೆರಬೇಕು. ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರು ಹಣ ಕೊಡದೆ ಪ್ರಯಾಣ ಮಾಡುವ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದಿತು. ಆದ್ದರಿಂದ ತಾಯಿ ಮಗಳಿಗೆ ಸೊನ್ನೆ ರೂಪಾಯಿಯ ಚೀಟಿ. ಮಗನೋ ಚೀಟಿಯ ವಯಸ್ಸಿಗೇ ಬಂದಿಲ್ಲ. ತನಗೊಂದು ಚೀಟಿ ಸಿಗಲಿಲ್ಲವೆಂದು ಮೊದಲ ದಿನ ಅವನು ಅತ್ತ. ಅಕ್ಕ ತನ್ನದನ್ನು ಕೊಟ್ಟಳು. ಆಮೇಲೆ ಪ್ರತಿ ಭಾನುವಾರದ ಚೀಟಿಯೂ ಅವನ ಚಡ್ಡಿಯ ಜೇಬು ಸೇರತೊಡಗಿತು.

ಬಸ್ಸೇ ಅರ್ಧ ವಿಹಾರವೆಂಬುದನ್ನು ದೊಡ್ಡವರು ಮರೆತಿರುತ್ತಾರೆ. ಕಿಟಕಿಯ ಪಕ್ಕದ ಆಸನವೊಂದು ಸಿಕ್ಕರೆ ಯಶವಂತಪುರ, ಮಲ್ಲೇಶ್ವರಗಳು ತಾವಾಗಿಯೇ ಬಂದು ಮುಖ ತೋರಿಸಿ ಹೋಗುತ್ತವೆ.

ಲಾಲ್‌ಬಾಗಿನಲ್ಲಿ ಮುಂಜಾನೆ ನಡೆಯಲು ಬರುವವರನ್ನು ಬಾಗಿಲಲ್ಲಿ ಚೀಟಿ ಕೇಳುವುದಿಲ್ಲ. ಹೊತ್ತು ಏರಿದ ಮೇಲೆ ಕೇಳುತ್ತಾರೆ. ಈ ಗುಟ್ಟನ್ನು ಆಕೆಗೆ ಹೇಳಿದವಳು ಕಾರ್ಖಾನೆಯಲ್ಲಿ ಪಕ್ಕದ ಯಂತ್ರದಲ್ಲಿ ಕೂರುವ ಗೆಳತಿ. ಹೈದರ್ ಅಲಿ 1760ರಲ್ಲಿ ಆರಂಭಿಸಿದ ತೋಟವೆಂದೂ, ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಇಟ್ಟರೆಂದೂ ಮಗಳು ಶಾಲೆಯಲ್ಲಿ ಕಲಿತದ್ದನ್ನು ಒಪ್ಪಿಸಿದಳು. ತಮ್ಮನಿಗೆ ಅದಾವುದೂ ಬೇಡವಾಗಿತ್ತು. ಅವನು ಕಂಡದ್ದು ಬಂಡೆಯನ್ನು.

ಆ ಬಂಡೆಯನ್ನು ಕಂಡವರೆಲ್ಲ ಬಲ್ಲರು. ತೋಟದ ನಡುವೆ ಮಲಗಿದ ಆನೆಯ ಬೆನ್ನಿನಂತೆ ಎದ್ದು ನಿಂತಿದೆ. ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಪುಟ್ಟ ಗೋಪುರ. ಭೂವಿಜ್ಞಾನಿಗಳ ಲೆಕ್ಕದಂತೆ ಆ ಕಲ್ಲಿಗೆ ಸುಮಾರು ಮುನ್ನೂರು ಕೋಟಿ ವರ್ಷ. ದಕ್ಷಿಣ ಭಾರತದ ನೆಲವನ್ನು ಹೊತ್ತಿರುವ ಅತಿ ಪುರಾತನ ಶಿಲೆಗಳಲ್ಲಿ ಅದೂ ಒಂದೆಂದು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದಾರೆ. ಅದು ಹುಟ್ಟಿದಾಗ ಭೂಮಿಯ ಮೇಲೆ ಮರವಿರಲಿಲ್ಲ, ಹುಲ್ಲಿರಲಿಲ್ಲ, ಮೀನು ಕೂಡ ಇರಲಿಲ್ಲ. ಹುಡುಗನು ಅದರ ಮೇಲೆ ಓಡಿದ, ಜಾರಿದ, ಮೊಣಕಾಲು ತರಚಿಕೊಂಡ, ಮತ್ತೆ ಹತ್ತಿದ. ಬಾಯಿ ತುಂಬ ಕೂಗಿದ. ತಾಯಿ ಅಭ್ಯಾಸಬಲದಿಂದ ಅಂಗೈಯನ್ನು ಅವನ ಬಾಯಿಯತ್ತ ಒಯ್ದವಳು ಅರ್ಧದಲ್ಲೇ ನಿಲ್ಲಿಸಿದಳು. ಅಲ್ಲಿ ಎಚ್ಚರಗೊಳ್ಳುವವರು ಯಾರಿದ್ದರು? ಇನ್ನೊಮ್ಮೆ ಕೂಗು ಎಂದಳು. ಅವನು ಕೂಗಿದ. ಅಕ್ಕನೂ ಕೂಗಿದಳು. ನಡೆಯಲು ಬಂದಿದ್ದ ಹಿರಿಯರೊಬ್ಬರು ಹಿಂದಿರುಗಿ ನೋಡಿ, ಏನೂ ಹೇಳದೆ, ಮುಂದೆ ನಡೆದರು. ಬಿಸಿಲು ಏರಿ ಕಲ್ಲು ಬೆಚ್ಚಗಾಗುವವರೆಗೆ ಮೂವರೂ ಅದರ ಮೇಲೆಯೇ ಇದ್ದರು. ಹಸಿವಾದಾಗ ದೊಡ್ಡ ಬೂರುಗದ ಮರದ ಬಳಿ ಕುಳಿತು ಚಿತ್ರಾನ್ನ ಉಂಡರು.

ಕಾರ್ತಿಕ ಮಾಸದಲ್ಲಿ ಬಸವನಗುಡಿಗೆ ಹೋದರು. ಕಡಲೆಕಾಯಿ ಪರಿಷೆ ಕಡೆಯ ಸೋಮವಾರದ್ದಾದರೂ ಹಿಂದಿನ ದಿನವೇ ರಾಶಿಗಳು ಬೀದಿಯ ಎರಡೂ ಬದಿಗೆ ಬಿದ್ದಿರುತ್ತವೆ. ಆಕೆ ಹುಟ್ಟಿದ್ದು ಪಾವಗಡದ ಕಡೆ, ಕಡಲೆಕಾಯಿ ಬೆಳೆಯುವ ಹೊಲದಲ್ಲಿ. ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಒಂದು ಕಾಯಿ ಒಡೆದು, ಬೀಜವನ್ನು ಉಗುರಿನಿಂದ ಒತ್ತಿ, ಇದು ಇನ್ನೂ ಹಸಿ, ಇದಕ್ಕೆ ನೀರು ಕಡಿಮೆಯಾಗಿದೆ ಎಂದು ಹೇಳತೊಡಗಿದಳು. ಮಾರುವವನು ಬೆರಗಾಗಿ ಒಂದು ಹಿಡಿ ಹೆಚ್ಚಿಗೆ ಹಾಕಿದ. ತಮ್ಮ ತಾಯಿಗೆ ಕಾಲರು ಹೊಲಿಯುವುದಲ್ಲದೆ ಬೇರೆ ವಿದ್ಯೆಯೂ ಗೊತ್ತಿದೆಯೆಂಬುದು ಮಕ್ಕಳಿಗೆ ತಿಳಿದದ್ದು ಅಂದೇ.

ಕಬ್ಬನ್ ಉದ್ಯಾನಕ್ಕಂತೂ ಲೆಕ್ಕವಿಲ್ಲದಷ್ಟು ಸಲ ಹೋದರು. 1870ರಲ್ಲಿ ಸ್ಯಾಂಕಿ ಎಂಬ ಎಂಜಿನಿಯರು ರೂಪಿಸಿದ ಆ ತೋಪಿಗೆ ಬಾಗಿಲಲ್ಲಿ ಹಣ ಕೇಳುವ ಪದ್ಧತಿಯಿಲ್ಲ. ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯವನ್ನು ಹುಡುಗ ಅರಮನೆಯೆಂದೇ ನಂಬಿದ್ದ, ಯಾರೂ ತಿದ್ದಲಿಲ್ಲ. ಬಾಲಭವನದ ಪುಟಾಣಿ ರೈಲಿಗೆ ಚೀಟಿ ಕೊಳ್ಳಬೇಕು. ಅದು ದೂರದಲ್ಲಿ ಕೂಗಿದಾಗ ತಾಯಿ ಬೇರೆ ದಾರಿ ಹಿಡಿಯುತ್ತಿದ್ದಳು.

ಬಡತನವನ್ನು ಮಕ್ಕಳಿಂದ ಮರೆಸಿಡಬಹುದೆಂದು ತಾಯಂದಿರು ಭಾವಿಸುತ್ತಾರೆ. ಆಕೆಯೂ ಹಾಗೆಯೇ ಭಾವಿಸಿದ್ದಳು.

ಒಂದು ಭಾನುವಾರ ಮಳೆ ಹನಿಯುತ್ತಿತ್ತು. ಉದ್ಯಾನದಿಂದ ಹೊರಬಂದು ಕಸ್ತೂರಬಾ ರಸ್ತೆಯಲ್ಲಿ ನಡೆಯುತ್ತಿದ್ದಾಗ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಮುಂದೆ ಹುಡುಗನ ಕಾಲು ಹೂತುಕೊಂಡಂತೆ ನಿಂತಿತು. ಅಂಗಳದಲ್ಲಿ ನಿಜವಾದ ವಿಮಾನವೊಂದು ನಿಂತಿದೆ: ಇದೇ ಬೆಂಗಳೂರಿನಲ್ಲಿ ತಯಾರಾಗಿ 1961ರಲ್ಲಿ ಮೊದಲು ಹಾರಿದ ಮಾರುತ್ ಎಂಬ ಯುದ್ಧವಿಮಾನದ ಜಾತಿಯದು. ಕಂಬಿಗಳ ನಡುವೆ ಮುಖವಿಟ್ಟು ಅವನು ಅದನ್ನು ನುಂಗುವಂತೆ ನೋಡಿದ. ಒಳಗೆ ಹೋಗುವವರ ಸಾಲು ಬೆಳೆಯುತ್ತಿತ್ತು. “ಅಮ್ಮ, ಒಳಗೆ ಹೋಗೋಣ” ಎಂದ.

ತಾಯಿ ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡಳು. ತಿಂಗಳ ಕೊನೆ, ಅದರಲ್ಲಿದ್ದುದು ಮರುದಿನದ ಹಾಲಿನ ಹಣ. ಏನು ಹೇಳಬೇಕೆಂದು ಆಕೆ ಹುಡುಕುತ್ತಿರುವಾಗಲೇ ಮಗಳು ತಮ್ಮನ ಕೈ ಹಿಡಿದೆಳೆದಳು. “ಒಳಗೇನೂ ಇಲ್ಲ ಕಣೋ. ನಾನು ಶಾಲೆಯಿಂದ ಬಂದಾಗ ನೋಡಿದ್ದೇನೆ. ಬರೀ ತುಕ್ಕು ಹಿಡಿದ ಯಂತ್ರಗಳು. ವಿಮಾನ ಹೊರಗೆ ಇರುವುದೊಂದೇ.”

ಹುಡುಗ ನಂಬಿದ. ಅಕ್ಕನ ಮಾತನ್ನು ಅವನು ಎಂದೂ ನಂಬದೆ ಇದ್ದುದಿಲ್ಲ. ಆದರೆ ಶಾಲೆಯಿಂದ ಅವಳು ಅಲ್ಲಿಗೆ ಬಂದಿರಲಿಲ್ಲವೆಂಬುದನ್ನು ತಾಯಿ ಬಲ್ಲಳು. ಆ ಪ್ರವಾಸಕ್ಕೆ ಕೇಳಿದ್ದ ಹಣವನ್ನು ಕೊಡಲಾಗದೆ ಹೋದವಳು ಆಕೆಯೇ. ಅಂದು ಮಗಳು, ತನಗೆ ಹೋಗಲು ಇಷ್ಟವಿಲ್ಲವೆಂದಿದ್ದಳು. ಬಸ್ಸಿನಲ್ಲಿ ತಾಯಿ ಕಿಟಕಿಯಾಚೆ ನೋಡುತ್ತ ಕುಳಿತಳು. ಬಾಗಿಲ ಮುಂದೆ ದಾರಿ ತಿರುಗಿಸಿದ ಸಲಗಳನ್ನೆಲ್ಲ ಮಗಳು ಲೆಕ್ಕವಿಟ್ಟಿದ್ದಳೆ? ಮಕ್ಕಳು ಸುಳ್ಳು ಹೇಳಬಾರದೆಂದು ಹೊಡೆಯುವುದುಂಟು. ಈ ಸುಳ್ಳಿಗೆ ಏನು ಮಾಡಬೇಕು? ಮಗಳ ಜಡೆ ಬಿಚ್ಚಿಹೋಗಿತ್ತು. ಅದನ್ನು ಮತ್ತೆ ಹೆಣೆಯುತ್ತ ಮಲ್ಲೇಶ್ವರ ದಾಟಿದಳು, ಮಾತಾಡಲಿಲ್ಲ.

ಮುಂದಿನ ತಿಂಗಳು ಕಾರ್ಖಾನೆಯಲ್ಲಿ ನಾಲ್ಕು ಸಂಜೆ ಹೆಚ್ಚುವರಿ ದುಡಿಮೆ ದೊರೆಯಿತು. ಗಂಡನಿಗೆ ವಿಷಯ ತಿಳಿಸಿದಾಗ ಆತ ತನ್ನ ಜೇಬಿನಿಂದಲೂ ಸ್ವಲ್ಪ ತೆಗೆದುಕೊಟ್ಟು, “ನಾನೂ ನೋಡಿಲ್ಲ, ಬಂದು ಹೇಳಿ” ಎಂದ. ಆ ಭಾನುವಾರ ಸಂಗ್ರಹಾಲಯದ ಕಿಟಕಿಯ ಮುಂದೆ ಆಕೆ ಸಾಲಿನಲ್ಲಿ ನಿಂತಾಗ ಮಗಳು ಸೆರಗು ಜಗ್ಗಿ, “ಬೇಡಮ್ಮ” ಎಂದು ಪಿಸುಗುಟ್ಟಿದಳು.

“ನನಗೂ ನೋಡಬೇಕು ಪುಟ್ಟಿ” ಎಂದಳು ತಾಯಿ. ಚೀಟಿಗಳನ್ನು ಕೊಂಡು ಮಗಳ ಕೈಗೆ ಕೊಟ್ಟಳು.

ಒಳಗೆ ಉಗಿಯಂತ್ರಗಳಿದ್ದವು, ಗುಂಡಿ ಒತ್ತಿದರೆ ತಿರುಗುವ ಗಾಲಿಗಳಿದ್ದವು. ಮುಂದೆ ಹೋದರೆ ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪ್ರತಿಕೃತಿ ತನ್ನ ಬಟ್ಟೆಯ ರೆಕ್ಕೆಗಳನ್ನು ಚಾಚಿ ನಿಂತಿತ್ತು. ಹುಡುಗ ಅದರ ಮುಂದೆ ಬಾಯಿ ತೆರೆದು ನಿಂತವನು ಥಟ್ಟನೆ ಅಕ್ಕನ ಕಡೆ ತಿರುಗಿದ.

“ಒಳಗೆ ವಿಮಾನ ಇಲ್ಲ ಅಂದಿದ್ದೆ!”

ಅಕ್ಕ ತಾಯಿಯ ಮುಖವನ್ನೊಮ್ಮೆ ನೋಡಿದಳು.

“ಆಗ ಇರಲಿಲ್ಲ ಕಣೋ,” ಎಂದಳು. “ಈಗ ತಂದಿದ್ದಾರೆ.”

ತಾಯಿ ಆ ಬಟ್ಟೆಯ ರೆಕ್ಕೆಯ ಅಂಚಿನ ಹೊಲಿಗೆಯನ್ನು ಬಗ್ಗಿ ನೋಡುತ್ತಿದ್ದಳು. ಬಹಳ ಹೊತ್ತು ತಲೆ ಎತ್ತಲಿಲ್ಲ.