ಬೀರುವಿನಿಂದ ಚಪ್ಪರಕ್ಕೆ

ನಾನು ಗುಂಡ್ಲುಪೇಟೆ ತಾಲ್ಲೂಕಿಗೆ ಮೇಷ್ಟ್ರಾಗಿ ಬಂದಾಗ ಅದಿನ್ನೂ ಮೈಸೂರು ಜಿಲ್ಲೆಗೇ ಸೇರಿತ್ತು. ಈಗ ಅದು ಸೇರಿರುವ ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಹಂಗಳದಿಂದಾಚೆ, ಬಂಡೀಪುರದ ಕಾಡಂಚಿನ ಊರು. ಒಂದು ಕೋಣೆ, ಮುಂದೊಂದು ಜಗಲಿ, ನಾಲ್ಕು ತರಗತಿ, ನಾನೊಬ್ಬ. ಆನೆ ದಾಟಿ ಹೋಗಿದೆ ಎಂದು ಖಾತ್ರಿಯಾದ ಮೇಲೇ ಆಚೆ ಕೇರಿಯ ಮಕ್ಕಳು ಹೊರಡುತ್ತಿದ್ದವು. ಹಾಗಾಗಿ ಪ್ರಾರ್ಥನೆಗೆ ಅರ್ಧ ಶಾಲೆ, ಪಾಠಕ್ಕೆ ಮುಕ್ಕಾಲು ಶಾಲೆ ಎನ್ನುವುದು ಎಲ್ಲರಿಗೂ ಒಪ್ಪಿಗೆಯಾಗಿದ್ದ ನಿಯಮ.

ಆ ಕೋಣೆಯ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು. ಕೇಂದ್ರ ಸರ್ಕಾರ 1987ರಲ್ಲಿ ಶುರುಮಾಡಿದ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆಯ ಸಾಮಾನೆಲ್ಲ ಅದರೊಳಗೆ: ಗೋಳ, ನಕಾಶೆಗಳು, ಅಯಸ್ಕಾಂತ, ಭೂತಗನ್ನಡಿ, ಗಣಿತದ ಪೆಟ್ಟಿಗೆ. ಪ್ರತಿ ಶಾಲೆಗೂ ಎರಡು ಕೋಣೆ, ಇಬ್ಬರು ಶಿಕ್ಷಕರು ಎನ್ನುವುದೂ ಆ ಯೋಜನೆಯಲ್ಲೇ ಇತ್ತು. ಎರಡನೇ ಕೋಣೆಗೂ ಎರಡನೇ ಮೇಷ್ಟ್ರಿಗೂ ಮೊದಲು ಪೆಟ್ಟಿಗೆ ಬಂತು. ಒಳಗಿದ್ದ ಪ್ರತಿ ಸಾಮಾನಿಗೂ ದಾಸ್ತಾನು ಪುಸ್ತಕದಲ್ಲಿ ಒಂದು ಸಾಲು. ಏನಾದರೂ ಒಡೆದರೆ ಸಂಬಳದಲ್ಲಿ ಮುರಿಯುತ್ತಾರೆಂಬ ಭಯ ಸುತ್ತಲಿನ ಶಾಲೆಗಳಲ್ಲೆಲ್ಲ ಇತ್ತು. ಒಬ್ಬ ಮೇಷ್ಟ್ರು ವರ್ಗವಾದರೆ ಇನ್ನೊಬ್ಬರಿಗೆ ಎಣಿಸಿಕೊಟ್ಟು ಸಹಿ ಹಾಕಿಸಿಕೊಂಡು ಹೋಗುತ್ತಿದ್ದರು. ಮಕ್ಕಳ ಕೈ ತಾಗದೆ ಆ ಗೋಳ ವರ್ಷಾನುಗಟ್ಟಲೆ ಹೊಸದಾಗಿಯೇ ಇತ್ತು.

ಕಲಿಕೆ ಸುಧಾರಿಸುತ್ತೇವೆಂದು ಈ ಕಡೆಗೆ ಬಂದವರನ್ನು ಮೂವತ್ತು ವರ್ಷಕ್ಕೂ ಮಿಕ್ಕಿ ನೋಡಿದ್ದೇನೆ. ಸರ್ಕಾರದವರು ಬಂದರು, ಸಂಸ್ಥೆಯವರು ಬಂದರು, ಕಂಪನಿಯವರು ಬಂದರು. ನಿಂತ ಕೆಲಸಗಳನ್ನು ನೆನೆಸಿಕೊಂಡರೆ ಒಂದು ವಿಚಿತ್ರ ಕಾಣುತ್ತದೆ. ಅವುಗಳಲ್ಲಿ ಎರಡು ಮುಖ್ಯವಾದವು ಶಾಲೆಯಿಂದ ಶುರುವಾದವೇ ಅಲ್ಲ.

ಬಿಳಿಗಿರಿರಂಗನ ಬೆಟ್ಟಕ್ಕೆ ಡಾ. ಎಚ್. ಸುದರ್ಶನ್ ಹೋದದ್ದು ವೈದ್ಯರಾಗಿ. ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ 1981ರಲ್ಲಿ ಶುರುವಾಯಿತು. ವನ್ಯಜೀವಿ ಕಾನೂನು ಬಂದ ಮೇಲೆ ಬೆಟ್ಟದ ಬುಡಕಟ್ಟು ಜನರಾದ ಸೋಲಿಗರನ್ನು ಪೋಡು ಎಂಬ ಕಾಡಿನೊಳಗಿನ ಹಾಡಿಗಳಿಂದ ಎಬ್ಬಿಸಿ ಕೂರಿಸಿದ್ದ ಕಾಲವದು. ಬೇಸಾಯವೂ ಇಲ್ಲ, ಬೇಟೆಯೂ ಇಲ್ಲ. ಪ್ಯಾಂಟು ಹಾಕಿದವರನ್ನು ಕಂಡರೆ ಓಡುವ ಜನಕ್ಕೆ ಮೊದಲು ಬೇಕಾಗಿದ್ದದ್ದು ಔಷಧಿ. ಔಷಧಿ ಕೊಡುತ್ತ ಕೊಡುತ್ತ ಶಾಲೆಯಿಲ್ಲದೆ ಇದು ಮುಂದೆ ಹೋಗದು ಎಂದು ಕಂಡಿರಬೇಕು, ಶಾಲೆ ಎದ್ದಿತು. ನಾವು ಕೆಲವು ಮೇಷ್ಟ್ರುಗಳು ರಜೆಯಲ್ಲಿ ಬೆಟ್ಟಕ್ಕೆ ಹೋಗಿದ್ದಾಗ ಆ ಶಾಲೆ ನೋಡಿದೆವು. ಗಿಡಮೂಲಿಕೆಯ ಪರಿಚಯವೂ ಪಾಠ, ಸೋಲಿಗರ ಗೊರುಕನ ಕುಣಿತವೂ ಪಾಠ. ನಮ್ಮ ಜೊತೆಯವರೊಬ್ಬರು, "ಇದೆಲ್ಲ ಪರೀಕ್ಷೇಲಿ ಎಲ್ಲಿ ಬರ್ತದೆ ಸಾ?" ಎಂದು ನಕ್ಕರು. 1994ರಲ್ಲಿ ಸುದರ್ಶನ್ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಾಗ ಊರೂರಲ್ಲೂ ಅದೇ ಮಾತು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು 2011. ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ವರ್ಷವೇ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಪತ್ರಗಳೂ ಸಿಕ್ಕವು. ತಮ್ಮ ದೇವರ ಜಾಗಗಳನ್ನು ನಕಾಶೆಯಲ್ಲಿ ಗುರುತಿಸಿ, ಅರ್ಜಿ ಬರೆದು ಓಡಾಡಿದವರಲ್ಲಿ ಓದಿಕೊಂಡ ಸೋಲಿಗರಿದ್ದರು. ಅವರಲ್ಲೊಬ್ಬರಾದ ಸಿ. ಮಾದೇಗೌಡರು ಡಾಕ್ಟರೇಟ್ ಪಡೆದವರು. ಪರೀಕ್ಷೆಯಲ್ಲಿ ಎಲ್ಲಿ ಬರ್ತದೆ ಎಂದಿದ್ದ ನಮ್ಮ ಮಿತ್ರರು ಅಷ್ಟು ಹೊತ್ತಿಗೆ ನಿವೃತ್ತರಾಗಿದ್ದರು.

ಎರಡನೆಯದು ಚಾಮರಾಜನಗರದ ರಾಮಸಮುದ್ರದ್ದು. ಕಾಲೇಜು ಅಧ್ಯಾಪಕರಾಗಿದ್ದ ಪ್ರೊ. ಜಿ.ಎಸ್. ಜಯದೇವ ಅವರು 1992ರಲ್ಲಿ ದೀನಬಂಧು ಎಂಬ ಹೆಸರಿನಲ್ಲಿ ಕೆಲವು ಅನಾಥ ಮಕ್ಕಳಿಗೆ ಮನೆ ಮಾಡಿದರು. ಕವಿ ಜಿ.ಎಸ್. ಶಿವರುದ್ರಪ್ಪನವರ ಮಗ ಎಂದು ತಿಳಿದಾಗ ನಮ್ಮ ಕನ್ನಡ ಮೇಷ್ಟ್ರುಗಳಿಗೆ ಕುತೂಹಲ ಹೆಚ್ಚಾಯಿತು. ಅಲ್ಲೂ ಮೊದಲು ಅನ್ನ, ಹಾಸಿಗೆ, ಜ್ವರ ಬಂದರೆ ಹಣೆ ಮುಟ್ಟಿ ನೋಡುವ ಒಂದು ಕೈ. ಶಾಲೆ ಆಮೇಲೆ. ಶಾಲೆ ಬಂದ ಮೇಲೂ ಅವರು ತಮ್ಮ ಕಾಂಪೌಂಡಿನ ಒಳಗಷ್ಟೇ ಉಳಿಯಲಿಲ್ಲ. ಸರ್ಕಾರಿ ಶಾಲೆಯ ಶಿಕ್ಷಕರನ್ನು ಕರೆಸಿ ಕೂರಿಸಿಕೊಂಡರು. ಕಡಿಮೆ ಬೆಲೆಯ ವಸ್ತುಗಳಲ್ಲಿ ವಿಜ್ಞಾನ ತೋರಿಸುವ ರೀತಿ ನಮ್ಮಲ್ಲಿ ಹಲವರಿಗೆ ಗೊತ್ತಾದದ್ದು ಅಂಥ ಕೂಟಗಳಲ್ಲಿ. ಬಾಟಲಿ ಮುಚ್ಚಳ, ಬಲೂನು, ಸೈಕಲ್ ಟ್ಯೂಬಿನ ಚೂರು. ಒಡೆದರೆ ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಬೀರುವಿನ ಭಯ ಬಿಟ್ಟು ಪಾಠ ಮಾಡುವುದು ಎಂದರೆ ಇದು ಎಂದು ನನಗನ್ನಿಸಿತು.

ಇನ್ನು ನಲಿ-ಕಲಿ ಎಂಬ ಕಲಿಕಾ ಪದ್ಧತಿಯ ಮಾತು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಇದನ್ನು ಮಾಡಿದವರು ಹೊರಗಿನವರಲ್ಲ, ನಮ್ಮಂಥ ಮೇಷ್ಟ್ರುಗಳೇ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ ಬಂದರು. ಅಲ್ಲಿ ಹಳ್ಳಿಯ ಏಕೋಪಾಧ್ಯಾಯ ಶಾಲೆಗಳಿಗೆಂದು ಮಾಡಿದ್ದ ಕಾರ್ಡುಗಳ ಪದ್ಧತಿ ನೋಡಿ, ವಾಪಸು ಬಂದು, ನಮ್ಮ ಸೀಮೆಯ ಮಾತು, ಹಾಡು, ಆಟ ಸೇರಿಸಿ ತಾವೇ ಕಾರ್ಡು ಬರೆದರು. ಆಗ ಕೋಟೆಯೂ ಗುಂಡ್ಲುಪೇಟೆಯೂ ಒಂದೇ ಜಿಲ್ಲೆ. ಸುದ್ದಿ ನಮಗೆ ಮುಟ್ಟಿದ್ದು ತಮಾಷೆಯಾಗಿ: "ಕೋಟೇಲಿ ಪುಸ್ತಕ ಇಲ್ದೆ ಪಾಠ ಮಾಡ್ತಾವ್ರಂತೆ ಸಾ, ಮೇಷ್ಟ್ರೂ ನೆಲದ ಮೇಲೇ ಕೂರ್ತಾರಂತೆ."

ಆಮೇಲೆ ಕಣ್ಣಾರೆ ಕಂಡೆ. ಮೇಷ್ಟ್ರು ನಿಜವಾಗಿಯೂ ನೆಲದ ಮೇಲೆ ಕೂತಿದ್ದರು. ಗೋಡೆಯ ಬುಡದಲ್ಲಿ ಮಕ್ಕಳ ಎತ್ತರಕ್ಕೆ ಕರಿಬಣ್ಣ ಬಳಿದ ಹಲಗೆ, ಒಬ್ಬೊಬ್ಬರಿಗೆ ಒಂದೊಂದು ಭಾಗ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ. ಅದರಲ್ಲಿ ಮಕ್ಕಳೇ ಬರೆದ, ಕತ್ತರಿಸಿದ, ಅಂಟಿಸಿದ ಕಾಗದಗಳು. ಗೋಡೆಯ ಮೇಲೆ ಕಲಿಕಾ ಏಣಿ. ಮಗು ತಾನೇ ಏಣಿ ನೋಡಿ, ತನ್ನ ಚಿತ್ರದ ಗುರುತು ಹುಡುಕಿ, ಕಾರ್ಡು ತೆಗೆದುಕೊಂಡು, ಯಾವ ತಟ್ಟೆಯಲ್ಲಿ, ಅಂದರೆ ಯಾವ ಗುಂಪಿನಲ್ಲಿ, ಕೂರಬೇಕೋ ಅಲ್ಲಿಗೆ ಹೋಗುತ್ತಿತ್ತು. ಒಂದು ತಟ್ಟೆಗೆ ಶಿಕ್ಷಕರ ಸಹಾಯ, ಇನ್ನೊಂದಕ್ಕೆ ಸಹಪಾಠಿಯ ಸಹಾಯ, ಮತ್ತೊಂದರಲ್ಲಿ ಸ್ವಂತ ಕಲಿಕೆ.

ಅಕ್ಷರ ಕಲಿಸುವ ಕ್ರಮವನ್ನೇ ತಲೆಕೆಳಗು ಮಾಡಿದ್ದರು. ಅ ಆ ಇ ಈ ಇಲ್ಲ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಮೊದಲ ಐದಕ್ಷರ ಬಂದ ಮಗುವಿಗೆ ಸರ, ಅರಸ, ಅಗಸ, ಗರಗಸ ಎಲ್ಲ ಓದಲು ಬರುತ್ತಿತ್ತು. ದಸರ ಕೂಡ. ವರ್ಣಮಾಲೆ ಪೂರ್ತಿ ಬಾಯಿಪಾಠವಾಗಲಿ ಎಂದು ಕಾಯುತ್ತಿದ್ದ ನಮಗೆ ಆರಂಭದಲ್ಲೇ ಮಗು ಪದ ಓದುವುದು ಆಶ್ಚರ್ಯ. ನಮ್ಮೂರಿನಲ್ಲಿ ಶುರುವಾದಾಗ ಒಬ್ಬ ಅಜ್ಜಿ ಶಾಲೆಯ ಬಾಗಿಲಿಗೇ ಬಂದಳು. "ಅ ಆ ಇ ಈ ಬುಟ್ಬುಟ್ಟು ರ ಗ ಸ ಅಂತದಲ್ಲ ನಮ್ ಮೊಗ, ಇದ್ಯಾವ ಸೀಮೆ ಇಸ್ಕೂಲು ಮೇಷ್ಟ್ರೇ?" ಮೊಮ್ಮಗನನ್ನು ಕರೆದು ಅವಳ ಮುಂದೆಯೇ ಗರಗಸ ಓದಿಸಿದೆ. ಅವಳಿಗೆ ಅದು ಓದೋ ಬಾಯಿಪಾಠವೋ ಗೊತ್ತಾಗಲಿಲ್ಲ. ಆದರೂ ಹೊರಟು ಹೋದಳು, ಮತ್ತೆ ಕೇಳಲಿಲ್ಲ.

ಈ ಪದ್ಧತಿಯ ನಿಜವಾದ ಗುಣ ತೋರಿದ್ದು ಬೇರೆ ಕಡೆ. ಗುಂಡ್ಲುಪೇಟೆ ತಾಲ್ಲೂಕಿನ ಹಾಜರಿ ಪುಸ್ತಕ ಬೆಳೆಯ ಪಂಚಾಂಗದಂತೆ. ಸಣ್ಣ ಈರುಳ್ಳಿ ಕೀಳುವಾಗ ಒಂದಷ್ಟು ಮಕ್ಕಳಿಲ್ಲ, ಓಣಂ ಹತ್ತಿರ ಬಂದು ಚೆಂಡು ಹೂ ಬಿಡಿಸುವಾಗ ಇನ್ನೊಂದಷ್ಟು, ಅರಿಶಿನ ಬೇಯಿಸುವಾಗ ಮತ್ತೊಂದಷ್ಟು. ಮಳೆ ಕೈಕೊಟ್ಟ ವರ್ಷ ಸಂಸಾರವೇ ಕೊಡಗಿನ ಕಾಫಿ ತೋಟಕ್ಕೋ ವಯನಾಡಿನ ಶುಂಠಿ ಹೊಲಕ್ಕೋ ಗುಳೆ ಹೊರಡುತ್ತದೆ. "ಐಕನ ಹೆಸರು ಹೊಡೀಬ್ಯಾಡಿ ಮೇಷ್ಟ್ರೇ, ಹಬ್ಬಕ್ಕೆ ಬತ್ತೀವಿ" ಎಂದು ಹೇಳಿ ಹೋಗುವರು. ಹಳೆಯ ಕ್ರಮದಲ್ಲಿ ಅಂಥ ಮಗು ವಾಪಸು ಬರುವ ಹೊತ್ತಿಗೆ ಪಾಠ ಹತ್ತು ಮುಂದೆ ಹೋಗಿರುತ್ತಿತ್ತು. ಹಿಂದಿನ ಸಾಲಿನಲ್ಲಿ ಕೂತು ಕೂತು ಕೊನೆಗೆ ಬರುವುದನ್ನೇ ನಿಲ್ಲಿಸುತ್ತಿತ್ತು. ಏಣಿ ಬಂದ ಮೇಲೆ ಆ ಮಗು ಎಲ್ಲಿ ಬಿಟ್ಟಿತ್ತೋ ಅದೇ ಕಾರ್ಡನ್ನು ಎತ್ತಿಕೊಳ್ಳುತ್ತಿತ್ತು. ಅಷ್ಟೇ ವ್ಯತ್ಯಾಸ. ಆ ವ್ಯತ್ಯಾಸಕ್ಕಾಗಿ ನಾನು ನಲಿ-ಕಲಿಯ ಉಳಿದ ತಂಟೆಗಳನ್ನೆಲ್ಲ ಸಹಿಸಿಕೊಂಡೆ.

ತಂಟೆಗಳಿದ್ದವು. 2009-10ರಲ್ಲಿ ಅದನ್ನು ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ತಂದರು. ಮೇಷ್ಟ್ರುಗಳು ಬರೆದ ಕಾರ್ಡು ಮೇಷ್ಟ್ರುಗಳಿಗೆ ಕಳಿಸುವ ಕಾರ್ಡಾಯಿತು. ಕಾರ್ಡು ತಡವಾಗಿ ಬರುವುದು, ತರಬೇತಿ ಒಬ್ಬರಿಗಾದರೆ ಪಾಠ ಇನ್ನೊಬ್ಬರದಾಗುವುದು, ಮಗು ಎಲ್ಲಿದೆ ಎನ್ನುವುದಕ್ಕಿಂತ ಪ್ರಗತಿ ನೋಟ ತುಂಬಿದೆಯೇ ಎಂದು ನೋಡುವುದು ಎಲ್ಲ ಶುರುವಾಯಿತು. ಕಾರ್ಡು ಹರಿದೀತೆಂದು ಕೆಲವು ಶಾಲೆಗಳಲ್ಲಿ ಅವನ್ನು ಎಲ್ಲಿಟ್ಟರು ಎಂದು ಬೇರೆ ಹೇಳಬೇಕೆ? ಬೀರು ಇದ್ದೇ ಇತ್ತಲ್ಲ.

ಹಾಜರಿಗೆ ಬೋಧನಾ ಕ್ರಮಕ್ಕಿಂತ ಹೆಚ್ಚು ಮಾಡಿದ್ದು ಊಟ. 2003ರಲ್ಲಿ ನಮ್ಮ ಕಡೆಗೆ ಅಕ್ಷರ ದಾಸೋಹ ಬಂತು. ಮಧ್ಯಾಹ್ನ ಮನೆಗೆ ಹೋಗಿ ಅಲ್ಲೇ ಉಳಿಯುತ್ತಿದ್ದ ಮಕ್ಕಳು ಉಳಿಯುವುದನ್ನು ಬಿಟ್ಟವು. 2006-07ರಿಂದ ಎಂಟನೇ ತರಗತಿಗೆ ಸೈಕಲ್ ಕೊಟ್ಟಾಗ ಹೈಸ್ಕೂಲು ದೂರವೆಂದು ಮನೆಯಲ್ಲಿ ಕೂರಿಸಿದ್ದ ಹೆಣ್ಣುಮಕ್ಕಳು ರಸ್ತೆಗೆ ಬಂದರು. 2001ರಲ್ಲಿ ನೂರಕ್ಕೆ ಐವತ್ತರಷ್ಟಿದ್ದ ಜಿಲ್ಲೆಯ ಸಾಕ್ಷರತೆ 2011ಕ್ಕೆ ಅರವತ್ತೊಂದು ದಾಟಿತು. ಆಗ ರಾಜ್ಯದ್ದು ಎಪ್ಪತ್ತೈದರ ಮೇಲಿತ್ತು.

ಅದೇ ಹೊತ್ತಿಗೆ ಖಾಸಗಿ ಶಾಲೆಗಳ ಹಳದಿ ವ್ಯಾನುಗಳೂ ಬಂದವು. ಮೊದಲು ಗುಂಡ್ಲುಪೇಟೆ ಪೇಟೆಗೆ, ಆಮೇಲೆ ಬೇಗೂರು, ತೆರಕಣಾಂಬಿ ಕಡೆಗೆ, ಕೊನೆಗೆ ನಮ್ಮೂರ ಅರಳಿಕಟ್ಟೆಯ ತನಕ. 2012ರಿಂದ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಸೀಟಿನಲ್ಲಿ ಬಡವರ ಮಕ್ಕಳೂ ಟೈ ಕಟ್ಟಿಕೊಂಡು ಆ ವ್ಯಾನು ಹತ್ತಿದವು. ಪೋಷಕರ ಸಭೆಯಲ್ಲಿ ನಾವು ಸರ್ಕಾರಿ ಶಾಲೆ ಬಿಡಬೇಡಿ ಎಂದು ಭಾಷಣ ಮಾಡಿದರೆ, "ನಿಮ್ಮ ಮಕ್ಕಳು ಎಲ್ಲೋದ್ತಾವೆ ಮೇಷ್ಟ್ರೇ?" ಎಂದು ಯಾರಾದರೂ ಕೇಳುವರು. ಸಭೆ ಅಲ್ಲಿಗೆ ಮುಗಿಯುತ್ತಿತ್ತು.

ಒಮ್ಮೆ ಬೆಂಗಳೂರಿನ ಕಂಪನಿಯೊಂದರ ಹುಡುಗರು ಟ್ಯಾಬ್ಲೆಟ್ ತಂದುಕೊಟ್ಟರು. ಒಳ್ಳೆಯ ಹುಡುಗರು, ಮಕ್ಕಳ ಜೊತೆ ಕುಣಿದರು, ಫೋಟೊ ತೆಗೆದರು. ನಮ್ಮಲ್ಲಿ ಕರೆಂಟು ಇರುವ ಹೊತ್ತು ಅವರ ಲೆಕ್ಕದಲ್ಲಿರಲಿಲ್ಲ. ಅವರ ಪಾಠದೊಳಗಿನ ಕನ್ನಡ ನಮ್ಮ ಮಕ್ಕಳಿಗೆ ಇಂಗ್ಲಿಷಿನಷ್ಟೇ ದೂರ. ಎರಡನೇ ವರ್ಷ ಆ ಹುಡುಗರು ಬೇರೆ ಕೆಲಸಕ್ಕೆ ಸೇರಿದ್ದರು. ಫೋನು ಎತ್ತಿದವರಿಗೆ ನಮ್ಮ ಶಾಲೆಯ ಹೆಸರು ಗೊತ್ತಿರಲಿಲ್ಲ. ದಾಸ್ತಾನು ಪುಸ್ತಕದಲ್ಲಿ ಇನ್ನೊಂದು ಸಾಲು ಹೆಚ್ಚಾಯಿತು.

ಇನ್ನೊಂದು ಪ್ರಶ್ನೆಯನ್ನು ನಾವ್ಯಾರೂ ಕೇಳಿಕೊಂಡೇ ಇರಲಿಲ್ಲ. ನಮ್ಮಿಂದ ಓದು ಮುಗಿಸಿ ಹೋದ ಹುಡುಗರ ಕತೆ ಏನು? ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದವರು ಹೊಲಕ್ಕೂ ಇಳಿಯಲಾರರು, ಪೇಟೆಯಲ್ಲೂ ಸಲ್ಲರು. ಚಾಮರಾಜನಗರ ಹತ್ತಿರದ ನಾಗವಳ್ಳಿಯಲ್ಲಿ ಸಮಾಜ ಮಾನವಶಾಸ್ತ್ರಜ್ಞೆ ಎ.ಆರ್. ವಾಸವಿ ಮತ್ತು ಸಂಗಡಿಗರು ಕಟ್ಟಿದ ಪುನರ್ಚಿತ್ ಸಂಸ್ಥೆ ಕೈಹಾಕಿದ್ದು ಇಂಥವರ ಕಲಿಕೆಗೆ. ರೈತರ ಸಂಕಟವನ್ನು ವರ್ಷಗಳ ಕಾಲ ಅಧ್ಯಯನ ಮಾಡಿದ, 2013ರಲ್ಲಿ ಇನ್ಫೊಸಿಸ್ ಪ್ರಶಸ್ತಿ ಪಡೆದ ವಾಸವಿ ಹಳ್ಳಿಯ ಯುವಕ ಯುವತಿಯರನ್ನು ಕೂರಿಸಿಕೊಂಡು ತಮ್ಮ ಊರು, ತಮ್ಮ ಬೇಸಾಯ, ತಮ್ಮ ಸಮಾಜವನ್ನೇ ಓದಲು ಹಚ್ಚಿದರು. ಸಂಖ್ಯೆಯಲ್ಲಿ ಸಣ್ಣ ಕೆಲಸ. ನನ್ನ ಮಟ್ಟಿಗೆ, ನಾವು ಬಿಟ್ಟ ಜಾಗದಿಂದ ಎತ್ತಿಕೊಂಡ ಕೆಲಸ.

ಕೊರೊನಾ ಬಂದ ವರ್ಷ ನಮ್ಮ ಜಿಲ್ಲೆ ಜೂನ್‌ವರೆಗೂ ಸೋಂಕಿಲ್ಲದೆ ಉಳಿದಿತ್ತು. ಆದರೂ ಶಾಲೆ ಮುಚ್ಚಿತ್ತು. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಕಾರ್ಯಕ್ರಮ ಶುರುವಾಗಿ ಮಾರಮ್ಮನ ಗುಡಿಯ ಜಗಲಿ, ಮರದ ನೆರಳಿನಲ್ಲಿ ಪಾಠ ಮಾಡಿದೆವು. ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಿದರು. ಆ ಜಗಲಿಯ ಮೇಲೆ ನಲಿ-ಕಲಿಯ ಹಳೆಯ ಮಕ್ಕಳು, ಆಗ ಕಾಲೇಜಿನಲ್ಲಿದ್ದವರು, ಚಿಕ್ಕವರನ್ನು ತಟ್ಟೆ ಮಾಡಿ ಕೂರಿಸಿಕೊಂಡು ಕಲಿಸಿದ್ದನ್ನು ಕಂಡೆ. ಯಾರೂ ಹೇಳಿಕೊಟ್ಟಿರಲಿಲ್ಲ.

ನಾನೀಗ ನಿವೃತ್ತ. ಹೊಸಬರು ಬರುತ್ತಲೇ ಇದ್ದಾರೆ, ಬರಲಿ. ಅವರಿಗೆ ನನ್ನದೊಂದು ಕೋರಿಕೆ. ಎಲ್ಲರೂ ಬರುವುದು ಜೂನ್ ತಿಂಗಳಲ್ಲಿ, ಬ್ಯಾನರು ಕಟ್ಟಿ ಉದ್ಘಾಟನೆ ಮಾಡಲು. ಆಗ ತರಗತಿ ತುಂಬಿರುತ್ತದೆ. ನೀವು ಡಿಸೆಂಬರ್ ಕೊನೆಯಲ್ಲಿ ಬನ್ನಿ, ಕೊಡಗಿನಲ್ಲಿ ಕಾಫಿ ಕೊಯ್ಲು ನಡೆಯುವಾಗ. ಹಾಜರಿ ಪುಸ್ತಕ ಕೇಳಿ ತೆಗೆಸಿಕೊಳ್ಳಿ. ಸತತವಾಗಿ ಗೈರಾದ ಹೆಸರುಗಳನ್ನು ಗುರುತು ಹಾಕಿಕೊಂಡು ಆ ಮಕ್ಕಳ ಮನೆ ಹುಡುಕಿ, ಬೀಗ ಹಾಕಿದ್ದರೆ ಪಕ್ಕದ ಮನೆಯವರನ್ನು ಮಾತಾಡಿಸಿ. ನಿಮ್ಮ ಯೋಜನೆಯನ್ನು ಆಮೇಲೆ ಬರೆಯಿರಿ.