ಎರಡು ತುದಿಗಳ ಇಬ್ಬರು

ಕಳೆದ ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಟೆಕ್ಸಾಸಿನಿಂದ ಅಕ್ಕನ ಕರೆ ಬಂದಿತು. ದನಿಯಲ್ಲಿ ಕಳವಳವಿತ್ತು. ಹದಿನಾರು ವರ್ಷದ ಅವಳ ಮಗ ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಆಡುತ್ತಾನೆ. ಹೋದ ವರ್ಷ ದೂರಕ್ಕೆ ಓಡಿ ಚೆಂಡು ಹಿಡಿಯುವ ವೈಡ್ ರಿಸೀವರ್ ಆಗಿದ್ದವನನ್ನು ಈ ವರ್ಷ ತರಬೇತುದಾರರು ‘ಎರಡನೆಯ ಟೈಟ್ ಎಂಡ್’ ಮಾಡಿದ್ದರಂತೆ.

“ಎರಡನೆಯವನು ಅಂದರೆ ಮೀಸಲಿಗೆ ಇಟ್ಟವನೇನೋ? ನಿಮ್ಮ ಭಾವ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ತಳ್ಳಾಡುವವರ ಸಾಲಿಗೆ ಹಾಕಿದ್ದಾರೆ, ಆಟ ಬಿಟ್ಟುಬಿಡು ಅನ್ನುತ್ತಾರೆ. ನೀನೂ ಒಂದು ಕಾಲಕ್ಕೆ ಕಬಡ್ಡಿ ಆಡಿದವನಲ್ಲವೆ? ಅವನಿಗೆ ಒಂದು ಮಾತು ಹೇಳು” ಎಂದಳು.

ಹೊಸೂರಿನ ನ್ಯಾಯಾಲಯಗಳಲ್ಲಿ ಇಪ್ಪತ್ತು ವರ್ಷಗಳಿಂದ ವಕೀಲಿ ಮಾಡುತ್ತಿರುವ ನನಗೆ ಒಂದು ನಿಯಮವಿದೆ: ಕಡತ ಓದದೆ ಸಲಹೆ ಕೊಡಬಾರದು. ಆ ಆಟದ ಬಗ್ಗೆ ನನಗೆ ತಿಳಿದಿದ್ದುದು, ಅದನ್ನು ಕಾಲಿಗಿಂತ ಹೆಚ್ಚಾಗಿ ಕೈಯಿಂದ ಆಡುತ್ತಾರೆ ಎಂಬುದಷ್ಟೇ. ಆದುದರಿಂದ ಸಂಜೆ ಹುಡುಗನನ್ನೇ ಕರೆದು, “ಮೊದಲು ನನಗೆ ಪಾಠ ಹೇಳಪ್ಪ, ಬುದ್ಧಿವಾದ ಆಮೇಲೆ” ಎಂದೆ. ಅವನು ಕಾಗದದ ಮೇಲೆ ಸೊನ್ನೆಗಳನ್ನು ಬರೆದು ಫೋನಿನ ಮುಂದೆ ಹಿಡಿದ.

ಒಂದೊಂದು ತಂಡಕ್ಕೆ ಹನ್ನೊಂದು ಜನ. ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನ. ಚೆಂಡಿಟ್ಟ ಗೆರೆಯ ಮೇಲೆ ನಡುವೆ ನಿಲ್ಲುವ ಐವರು ಭಾರೀ ಆಳುಗಳು. ಎದುರಾಳಿಯನ್ನು ತಡೆಯುವುದೇ ಅವರ ಕೆಲಸ. ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಅವರಿಗಿಲ್ಲ. ಆ ಐವರ ಪಕ್ಕದಲ್ಲೇ, ಸಾಲಿನ ತುದಿಯಲ್ಲಿ ನಿಲ್ಲುವವನು ಟೈಟ್ ಎಂಡ್. ಅವನು ತಡೆಯಲೂಬಹುದು, ತಡೆಯುವಂತೆ ನಟಿಸಿ ನುಸುಳಿ ಓಡಿ ಚೆಂಡನ್ನು ಹಿಡಿಯಲೂಬಹುದು. ವಾಡಿಕೆಯಾಗಿ ಇಂಥವನು ಒಬ್ಬ. ಅವನ ತಂಡದ ಹೊಸ ವ್ಯೂಹದಲ್ಲಿ ಇಬ್ಬರು: ಬಲತುದಿಗೊಬ್ಬ, ಎಡತುದಿಗೊಬ್ಬ.

“ಒಬ್ಬನೇ ಸಾಲದೆ? ಇನ್ನೊಬ್ಬ ಏತಕ್ಕೆ?” ಎಂದು ಪಾಟೀಸವಾಲಿನ ಧಾಟಿಯಲ್ಲೇ ಕೇಳಿದೆ.

“ಒಬ್ಬನೇ ಇದ್ದರೆ ಅವನು ನಿಂತ ಕಡೆ ಬಲ ಹೆಚ್ಚು ಅಂತ ಎದುರಾಳಿಗೆ ಗೊತ್ತಾಗುತ್ತೆ ಮಾಮ, ಅತ್ತಲೇ ಜನ ಸೇರಿಸ್ತಾರೆ. ಎರಡೂ ಕಡೆ ಇದ್ದರೆ ಯಾವ ಕಡೆ ಸೇರಿಸ್ತಾರೆ?” ಎಂದ.

ಉತ್ತರದಲ್ಲಿ ಇನ್ನೂ ಒಂದು ಪದರವಿತ್ತು. ಇಬ್ಬರು ಟೈಟ್ ಎಂಡ್‌ಗಳನ್ನು ಕಂಡು, ಇವರು ಚೆಂಡನ್ನು ಕೈಯಲ್ಲೇ ಹೊತ್ತು ನುಗ್ಗುತ್ತಾರೆಂದು ಎದುರಾಳಿಯು ತೂಕದ ಲೈನ್‌ಬ್ಯಾಕರುಗಳನ್ನು ಇಳಿಸಿದರೆ, ಆ ಇಬ್ಬರೂ ಓಡಿ ಎಸೆತವನ್ನು ಹಿಡಿಯುತ್ತಾರೆ, ತೂಕದವರು ಬೆನ್ನಟ್ಟಲಾರರು. ಎಸೆತವೇ ಬರುತ್ತದೆಂದು ಹಗುರ ಕಾಲಿನವರನ್ನು ಇಳಿಸಿದರೆ, ಇಬ್ಬರೂ ಅಲ್ಲೇ ನಿಂತು ಅವರನ್ನು ಬದಿಗೊತ್ತಿ ನುಗ್ಗುವವನಿಗೆ ದಾರಿ ಮಾಡುತ್ತಾರೆ. ಅದೇ ಹನ್ನೊಂದು ಜನ, ಅದೇ ನಿಲುವು. ಚೆಂಡು ಚಲಿಸುವವರೆಗೂ ಉದ್ದೇಶ ಮಾತ್ರ ಹೊರಗೆ ಕಾಣದು. ಒಂದು ಷರತ್ತುಂಟು: ಇಬ್ಬರೂ ಎರಡೂ ಕೆಲಸಗಳನ್ನು ನಿಜವಾಗಿ ಬಲ್ಲವರಾಗಿರಬೇಕು. ಹಿಡಿಯಲು ಮಾತ್ರ ಬರುತ್ತದೆಂದು ಎದುರಾಳಿಗೆ ಒಮ್ಮೆ ತಿಳಿದರೆ ವ್ಯೂಹ ಸತ್ತಂತೆ.

ಮೇಲ್ಪಂಕ್ತಿ ಯಾವುದೆಂದು ಕೇಳಿದಾಗ 2011ರ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಹೆಸರು ಹೇಳಿದ. ಬಿಲ್ ಬೆಲಿಚಿಕ್ ಅದರ ತರಬೇತುದಾರ, ಚೆಂಡು ಎಸೆಯುವವನು ಟಾಮ್ ಬ್ರೇಡಿ. 2010ರಲ್ಲಿ ಅವರು ಒಟ್ಟಿಗೇ ಇಬ್ಬರು ಎಳೆಯ ಟೈಟ್ ಎಂಡ್‌ಗಳನ್ನು ಆರಿಸಿಕೊಂಡಿದ್ದರು: ರಾಬ್ ಗ್ರಾಂಕೋವ್ಸ್ಕಿ ಮತ್ತು ಏರನ್ ಹರ್ನಾಂಡೆಜ್. ಮರುವರ್ಷ ಗ್ರಾಂಕೋವ್ಸ್ಕಿ 90 ಎಸೆತಗಳನ್ನು ಹಿಡಿದು 17 ಟಚ್‌ಡೌನ್ ಗಳಿಸಿದ. ಹರ್ನಾಂಡೆಜ್ 79 ಹಿಡಿದ. ಒಬ್ಬನ ಮೇಲೆ ಕಣ್ಣಿಟ್ಟರೆ ಇನ್ನೊಬ್ಬನಿಗೆ ಬಯಲು ಸಿಕ್ಕುತ್ತಿತ್ತು. ತಂಡ ಸೂಪರ್ ಬೌಲ್ ತಲುಪಿತು. ಆದರೆ 2012ರ ಫೆಬ್ರವರಿಯಲ್ಲಿ ನಡೆದ ಆ ಪಂದ್ಯಕ್ಕೆ ಗ್ರಾಂಕೋವ್ಸ್ಕಿ ಕಣಕಾಲಿನ ಗಾಯದೊಡನೆ ಇಳಿದ. ನ್ಯೂಯಾರ್ಕ್ ಜೈಂಟ್ಸ್ ಎದುರು ತಂಡ 17–21ರಿಂದ ಸೋತಿತು. 2013ರಲ್ಲಿ ಹರ್ನಾಂಡೆಜ್ ಕೊಲೆಯ ಆರೋಪದ ಮೇಲೆ ಬಂಧಿತನಾಗಿ, 2015ರಲ್ಲಿ ಅಪರಾಧಿಯೆಂದು ತೀರ್ಪಾಗಿ, 2017ರಲ್ಲಿ ಸೆರೆಮನೆಯಲ್ಲೇ ಸತ್ತ. ವಕೀಲನಾದ ನನಗೆ ಆ ಕೊನೆಯ ಭಾಗ ಹೆಚ್ಚು ಹೊತ್ತು ಕಾಡಿತು. ಮೈದಾನದಲ್ಲಿ ಅಷ್ಟು ಸೊಗಸಾಗಿ ಹೊಂದಿಕೊಂಡಿದ್ದ ಜೋಡಿ ಮೂರೇ ವರ್ಷ ಬಾಳಿತು.

ಈ ಪಾಠ ಕೇಳುತ್ತಿದ್ದಾಗ ನನ್ನ ಕಣ್ಣ ಮುಂದೆ ಇದ್ದುದು ದೇಂಕಣಿಕೋಟೆಯ ಕಡೆಯ ಒಂದು ಮಣ್ಣಿನ ಅಂಕಣ. ಕಬಡ್ಡಿ ಬಲ್ಲ ಓದುಗರಿಗೆ ಆಗಲೇ ಹೊಳೆದಿರಬೇಕು. ಅಲ್ಲಿಯದು ದಾಳಿಯ ವ್ಯೂಹ, ನಮ್ಮದು ರಕ್ಷಣೆಯದು. ಆದರೆ ನಮ್ಮ ಏಳು ಜನರ ಸಾಲಿಗೂ ಎರಡು ತುದಿಗಳುಂಟು, ಅಲ್ಲಿ ಎಡಮೂಲೆಯವನು ಮತ್ತು ಬಲಮೂಲೆಯವನು. ದಾಳಿಗಾರ ಒಂದು ಮೂಲೆಗೆ ಮುಖ ಮಾಡಿದಾಗ ಅವನ ಬೆನ್ನು ಇನ್ನೊಂದು ಮೂಲೆಯತ್ತ ತಿರುಗಿರುತ್ತದೆ. ಮೂಲೆಯವರಿಬ್ಬರ ನಡುವಿನ ಮೂಕ ಒಪ್ಪಂದವೇ ತಂಡದ ಆಸ್ತಿ. 2015ರ ಪ್ರೊ ಕಬಡ್ಡಿಯ ಅಂತಿಮ ಪಂದ್ಯದಲ್ಲಿ ಯು ಮುಂಬಾ ತಂಡ ಬೆಂಗಳೂರು ಬುಲ್ಸನ್ನು 36–30ರಿಂದ ಸೋಲಿಸಿದಾಗ ಅದರ ಎಡಮೂಲೆಯಲ್ಲಿ ಸುರೇಂದರ್ ನಾಡಾ, ಬಲಮೂಲೆಯಲ್ಲಿ ಮೋಹಿತ್ ಛಿಲ್ಲರ್ ಇದ್ದರು. ಮರುವರ್ಷ ಬೆಂಗಳೂರಿನವರು ಆ ಇಬ್ಬರನ್ನೂ ತಮ್ಮ ತಂಡಕ್ಕೇ ಕರೆತಂದರು. ಒಬ್ಬನನ್ನು ಮಾತ್ರ ತಂದಿದ್ದರೆ ಅರ್ಧ ಬಾಗಿಲು ಕೊಂಡಂತಾಗುತ್ತಿತ್ತು.

ನಾನು ಬಲಮೂಲೆಯವನಾಗಿದ್ದೆ, ಮನಸ್ಸಿನಿಂದ ಅಲ್ಲ. ದಾಳಿಗೆ ಹೋಗಬೇಕೆಂಬುದು ನನ್ನ ಆಸೆ, ಚಪ್ಪಾಳೆ ಬೀಳುವುದು ದಾಳಿಗಾರನಿಗೇ. ಎಡಮೂಲೆಯಲ್ಲಿ ಇದ್ದವನು ತಮಿಳು ಮನೆಮಾತಿನ ನನ್ನ ಸಹಪಾಠಿ. ಅವನಿಗೆ ಆ ಜಾಗದಲ್ಲಿ ಯಾವ ಕೊರಗೂ ಇರಲಿಲ್ಲ. ಜಾತ್ರೆಯ ಸಮಯದ ಪಂದ್ಯವೊಂದರ ಕೊನೆಯ ನಿಮಿಷದಲ್ಲಿ ನಾವು ಒಂದು ಅಂಕದಿಂದ ಮುಂದಿದ್ದೆವು. ಎದುರಾಳಿಯ ದಾಳಿಗಾರ ನನ್ನ ಕಡೆಗೆ ಕಾಲು ಚಾಚಿದ. ಅದು ಆಮಿಷವೆಂದು ನನಗೆ ಗೊತ್ತಿತ್ತು. ಆದರೂ ಜನ ನನ್ನನ್ನೊಮ್ಮೆ ನೋಡಲಿ ಎಂದು ಒಬ್ಬನೇ ಕಣಕಾಲಿಗೆ ಎರಗಿದೆ. ಅವನು ಕಾಲು ಕೊಸರಿಕೊಂಡು, ನನ್ನ ನೆರವಿಗೆ ಬಂದವನನ್ನೂ ಮುಟ್ಟಿ ಗೆರೆ ದಾಟಿದ. ಎರಡು ಅಂಕ ಹೋಯಿತು, ಪಂದ್ಯವೂ ಹೋಯಿತು. ಮನೆಗೆ ನಡೆಯುವ ದಾರಿಯಲ್ಲಿ ಗೆಳೆಯ ಒಂದೇ ಮಾತು ಹೇಳಿದ, ಅದೂ ನನ್ನ ಭಾಷೆಯಲ್ಲಿ: “ಇನ್ನೊಂದು ಕ್ಷಣ ತಾಳಿದ್ದರೆ ಅವನು ನನ್ನ ಕಡೆ ತಿರುಗುತ್ತಿದ್ದ ಕಣೋ.” ಮೂವತ್ತು ವರ್ಷಗಳಾದರೂ ಆ ಮಾತು ಹಳತಾಗಿಲ್ಲ. ಆ ಘಟನೆಯನ್ನು ನಾನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ್ದು ಆ ಸಂಜೆ, ಅಕ್ಕನ ಮಗನಿಗೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಹಾಗಾದರೆ ನಾನು ಬಿಡಬಾರದು ಅಂತೀರಾ ಮಾಮ?” ಎಂದು ಕೇಳಿದ.

“ಅದು ನಿನ್ನ ತೀರ್ಮಾನ. ಆದರೆ ‘ಎರಡನೆಯವನು’ ಎಂಬ ಮಾತಿಗೆ ನಿನ್ನ ಅಪ್ಪ ತಪ್ಪು ಅರ್ಥ ಮಾಡಿಕೊಂಡಿದ್ದಾರೆ. ನೀನು ಮೊದಲನೆಯವನ ಬದಲಿಗೆ ನಿಲ್ಲುವವನಲ್ಲ. ನೀನು ಇಲ್ಲದೆ ಮೊದಲನೆಯವನಿಗೂ ಬೆಲೆಯಿಲ್ಲ” ಎಂದೆ. ಇದನ್ನೇ ಭಾವನಿಗೂ ಹೇಳಿದೆ. ಅವರು “ಹೂಂ” ಎಂದರು.

ತುದಿಯಲ್ಲಿ ನಿಲ್ಲುವುದು ನಮ್ಮ ಕಡೆಯವರಿಗೆ ಹೊಸತಲ್ಲ. ಮುಂಜಾನೆ ತಳಿಯ ಕಡೆಯಿಂದ ಬಂದ ಕಕ್ಷಿದಾರ ಅಜ್ಜನ ಕಾಲದ ಕನ್ನಡ ಪತ್ರವನ್ನು ಮೇಜಿನ ಮೇಲೆ ಬಿಡಿಸುತ್ತಾನೆ. ಹನ್ನೊಂದು ಗಂಟೆಗೆ ಅದರ ಸಾರವನ್ನು ನಾನು ನ್ಯಾಯಾಧೀಶರ ಮುಂದೆ ತಮಿಳಿನಲ್ಲಿ ನಿವೇದಿಸುತ್ತೇನೆ. ಕೆಲವರಿಗೆ ನಾವು ಪೂರ್ತಿ ಅಲ್ಲಿಯವರೂ ಅಲ್ಲ, ಪೂರ್ತಿ ಇಲ್ಲಿಯವರೂ ಅಲ್ಲ. ಆದರೆ ಎರಡೂ ಕೆಲಸ ಬಲ್ಲವನು ಬೇಕಾಗುವ ಗಳಿಗೆ ದಿನಕ್ಕೆ ಒಮ್ಮೆಯಾದರೂ ಬರುತ್ತದೆ. ಆಗ ಎರಡನ್ನೂ ಚೆನ್ನಾಗಿ ಕಲಿತಿರಬೇಕು, ಅಷ್ಟೆ.

ಅವರ ಪಂದ್ಯಗಳು ಶುಕ್ರವಾರ ರಾತ್ರಿ. ನಮಗೆ ಅದು ಶನಿವಾರದ ಬೆಳಗು. ಅಕ್ಟೋಬರಿನ ಒಂದು ಶನಿವಾರ ಕಾಫಿ ಲೋಟ ಹಿಡಿದು ಅಕ್ಕನ ಫೋನಿನ ಮೂಲಕ ಆಟ ನೋಡಿದೆ. ಹುಡುಗ ಇಡೀ ಪಂದ್ಯದಲ್ಲಿ ಒಂದೇ ಚೆಂಡು ಹಿಡಿದ. ಕೊನೆಯ ಭಾಗದಲ್ಲಿ ತನಗಿಂತ ದಪ್ಪನೆಯ ಎದುರಾಳಿಯನ್ನು ಬದಿಗೊತ್ತಿ ಕದಲದೆ ನಿಂತ. ಅವನ ಬೆನ್ನ ಹಿಂದಿನಿಂದ ಚೆಂಡು ಹೊತ್ತವನು ನುಗ್ಗಿ ಗಡಿ ಮುಟ್ಟಿದ. ಎಲ್ಲರೂ ಚೆಂಡಿನವನನ್ನು ಎತ್ತಿಕೊಂಡರು. ಭಾವ ಮಾತ್ರ ಮಗನ ಹೆಸರನ್ನೇ ಕೂಗುತ್ತಿದ್ದುದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಆಮೇಲೆ ಹುಡುಗ ಫೋನಿಗೆ ಬಂದಾಗ, ಇನ್ನೊಂದು ತುದಿಯಲ್ಲಿ ನಿಂತಿದ್ದವನು ಯಾರೆಂದು ವಿಚಾರಿಸಿದೆ. ಮೆಕ್ಸಿಕೋ ಮೂಲದ ಮನೆಯ ಹುಡುಗನಂತೆ, ಮನೆಯಲ್ಲಿ ಸ್ಪ್ಯಾನಿಷ್ ಮಾತಂತೆ. “ಅವನ ಭಾಷೆಯಲ್ಲಿ ನಾಲ್ಕು ಮಾತು ಕಲಿತುಕೋ” ಎಂದೆ.

“ಆಗಲೇ ಕಲಿತಿದ್ದೀನಿ ಮಾಮ. ಅವನಿಗೂ ‘ತಾಳು’ ಅನ್ನೋದನ್ನ ಹೇಳಿಕೊಟ್ಟಿದ್ದೀನಿ” ಎಂದ.